ಗೋವಿಂದ ನಿಹಲಾನಿ: ಛಾಯಾಗ್ರಾಹಕ ನಿರ್ದೇಶಕನಾದ ಮೇಲೆ ಕ್ಯಾಮೆರಾ ಎಲ್ಲಿಗೆ ಹೋಯಿತು?

ಬೆಳಕಿಂಡಿ

ಕಳೆದ ವಾರ 'ಆಕ್ರೋಶ್' ಚಿತ್ರವನ್ನು ಮೂರನೆಯ ಬಾರಿ ನೋಡಿದೆ. ಮೊದಲೆರಡು ಸಲ ಕಥೆಯ ಬಿಗುವಿನಲ್ಲಿ ಗಮನಕ್ಕೆ ಬಾರದಿದ್ದ ಒಂದು ಸಂಗತಿ ಈ ಸಲ ಕಣ್ಣಿಗೆ ಬಿತ್ತು. ಹತ್ತು ವರ್ಷ ಛಾಯಾಗ್ರಾಹಕರಾಗಿ ಹೆಸರು ಮಾಡಿದವರೊಬ್ಬರು ತಮ್ಮ ನಿರ್ದೇಶನದ ಮೊದಲ ಚಿತ್ರದಲ್ಲಿ, ಅದೂ ಕ್ಯಾಮೆರಾವನ್ನು ತಾವೇ ಹಿಡಿದಿರುವಾಗ, ಕೈಚಳಕ ತೋರಿಸಬಹುದಾಗಿದ್ದ ಅವಕಾಶಗಳನ್ನೆಲ್ಲ ಬೇಕೆಂದೇ ಬಿಟ್ಟುಕೊಟ್ಟಿದ್ದಾರೆ. ಹೆಂಡತಿಯನ್ನು ಕೊಂದ ಆರೋಪ ಹೊತ್ತ ಆದಿವಾಸಿ ಲಹಾನ್ಯಾ ಭೀಕು ಚಿತ್ರದ ಉದ್ದಕ್ಕೂ ಬಾಯಿ ಬಿಡುವುದಿಲ್ಲ. ಅವನ ಪರವಾಗಿ ನೇಮಕಗೊಂಡ ಯುವ ವಕೀಲ ಭಾಸ್ಕರ ಕುಲಕರ್ಣಿ ಕೇಳುತ್ತಾನೆ, ಬೇಡುತ್ತಾನೆ, ಸಿಟ್ಟಾಗುತ್ತಾನೆ. ಆ ಮುಖ ಮಾತ್ರ ಉತ್ತರ ಕೊಡುವುದಿಲ್ಲ. ಕ್ಯಾಮೆರಾ ಕೂಡ ಆ ಮುಖದಿಂದ ಉತ್ತರವನ್ನು ಹಿಂಡಿ ತೆಗೆಯಲು ಹೋಗದೆ ಸುಮ್ಮನೆ ಎದುರಿಗೆ ಕೂತು ಕಾಯುತ್ತದೆ.

ಹೊಸಬರ ಅನುಕೂಲಕ್ಕೆ ನಿಹಲಾನಿಯವರ ಬದುಕಿನ ಕೆಲವು ವಿವರಗಳನ್ನು ಹೇಳಿಬಿಡುತ್ತೇನೆ. 1940ರಲ್ಲಿ ಕರಾಚಿಯಲ್ಲಿ ಹುಟ್ಟಿದ ಅವರು ದೇಶ ಇಬ್ಭಾಗವಾದಾಗ ಏಳು ವರ್ಷ ತುಂಬುತ್ತಿದ್ದ ಹುಡುಗ. ಸಿಂಧ್ ಬಿಟ್ಟು ಬಂದ ಕುಟುಂಬ ರಾಜಸ್ಥಾನದ ಉದಯಪುರದಲ್ಲಿ ನೆಲೆ ನಿಂತಿತು. ಛಾಯಾಗ್ರಹಣವನ್ನು ಕಲಿಯಲು ಅವರು ಬಂದದ್ದು ನಮ್ಮ ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ಗೆ. 1962ರಲ್ಲಿ ಅಲ್ಲಿಂದ ತೇರ್ಗಡೆಯಾಗಿ ಮುಂಬಯಿಗೆ ಹೋಗಿ, ಮೈಸೂರಿನವರೇ ಆದ ಛಾಯಾಗ್ರಾಹಕ ವಿ.ಕೆ. ಮೂರ್ತಿಯವರ ಬಳಿ ಸಹಾಯಕರಾಗಿ ಸೇರಿದರು. ಮುಂದೆ ಶ್ಯಾಮ್ ಬೆನೆಗಲ್ ಅವರ 'ಅಂಕುರ್' (1974), 'ನಿಶಾಂತ್' (1975), 'ಮಂಥನ್' (1976), 'ಭೂಮಿಕಾ' (1977) ಚಿತ್ರಗಳಿಗೆ ಕ್ಯಾಮೆರಾ ಹಿಡಿದರು. 'ಜುನೂನ್' ಚಿತ್ರದ ಛಾಯಾಗ್ರಹಣಕ್ಕೆ ರಾಷ್ಟ್ರಪ್ರಶಸ್ತಿ ಬಂದ ಮೇಲೆ, 1980ರಲ್ಲಿ 'ಆಕ್ರೋಶ್' ಮೂಲಕ ನಿರ್ದೇಶಕರಾದರು. ದೆಹಲಿಯ ಅಂತಾರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಈ ಚಿತ್ರಕ್ಕೆ ಸ್ವರ್ಣಮಯೂರ ದೊರೆಯಿತು.

ನನ್ನ ಪ್ರಶ್ನೆ ಇಷ್ಟೇ. ಛಾಯಾಗ್ರಾಹಕರು ನಿರ್ದೇಶಕರಾದಾಗ ಚಿತ್ರ ಕಣ್ಣಿಗೆ ಹಬ್ಬವಾಗಿರುತ್ತದೆ, ಕಥೆ ಮಾತ್ರ ಸೊರಗಿರುತ್ತದೆ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ನಿಹಲಾನಿಯವರ ವಿಷಯದಲ್ಲಿ ಅದು ತಲೆಕೆಳಗಾಗಿದ್ದು ಹೇಗೆ?

ಹಳೆಯ ಪಾಲಿಟೆಕ್ನಿಕ್

ನಾನು ಅದೇ ಪಾಲಿಟೆಕ್ನಿಕ್‌ನಲ್ಲಿ ಎಂಬತ್ತರ ದಶಕದಲ್ಲಿ ಬೇರೆ ವಿಭಾಗದಲ್ಲಿ ಓದಿದವನು. ಛಾಯಾಗ್ರಹಣ ವಿಭಾಗದ ಹುಡುಗರು ಗುರುಪರಂಪರೆ ಹೇಳುವಂತೆ ಮೂರ್ತಿಯವರ ಹೆಸರು ಹೇಳುತ್ತಿದ್ದರು. ಅವರು ನಾಲ್ವತ್ತರ ದಶಕದಲ್ಲಿ ಅಲ್ಲಿಯೇ ಕಲಿತವರು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಶುರುವಾದದ್ದೇ 1960ರಲ್ಲಿ. ಅದಕ್ಕೂ ಮುಂಚೆ ಸಿನಿಮಾ ಕ್ಯಾಮೆರಾವನ್ನು ತರಗತಿಯಲ್ಲಿ ಕೂತು ಕಲಿಯಬೇಕೆಂದು ಹೊರಟ ಉದಯಪುರದ ಹುಡುಗನೊಬ್ಬ ಬೆಂಗಳೂರಿನ ರೈಲು ಹತ್ತಿದ್ದರಲ್ಲಿ ಆಶ್ಚರ್ಯವಿಲ್ಲ, ಏಕೆಂದರೆ ದೇಶದಲ್ಲಿ ಅಂಥ ಜಾಗಗಳು ಬೆರಳೆಣಿಕೆಯಷ್ಟೇ ಇದ್ದವು.

ಗುರುದತ್ ಅವರ 'ಕಾಗಜ್ ಕೇ ಫೂಲ್' (1959) ಭಾರತದ ಮೊದಲ ಸಿನಿಮಾಸ್ಕೋಪ್ (ಅಗಲ ಪರದೆಯ) ಚಿತ್ರ. ಅದರಲ್ಲಿ ಖಾಲಿ ಸ್ಟುಡಿಯೋದ ಕತ್ತಲನ್ನು ಸೀಳಿಕೊಂಡು ಇಳಿಯುವ ಬೆಳಕಿನ ಕೋಲನ್ನು ಯಾರೂ ಮರೆಯಲಾರರು. ಮೂರ್ತಿಯವರು ಅದಕ್ಕೆ ದೊಡ್ಡ ಕನ್ನಡಿಗಳನ್ನು ಹಿಡಿಸಿ, ಹೊರಗಿನ ಬಿಸಿಲನ್ನೇ ಒಳಕ್ಕೆ ತಿರುಗಿಸಿದರು. ಅಂಥ ಗುರುವಿನ ಕೈಕೆಳಗೆ ಪಳಗಿದ ಶಿಷ್ಯ ಅಲಂಕಾರದ ಬೆಳಕನ್ನು ಕಲಿಯದೆ ಇರಲಾರ. ಹಾಗಾಗಿ ನಿಹಲಾನಿಯವರ ಸರಳತೆ ಬಾರದ್ದರಿಂದ ಬಂದದ್ದಲ್ಲ, ಬಲ್ಲದ್ದನ್ನು ತಡೆಹಿಡಿದದ್ದರಿಂದ ಬಂದದ್ದು ಎಂಬುದು ನನ್ನ ಅಭಿಪ್ರಾಯ. ಅಡುಗೆ ಬಲ್ಲವರು ಮಾತ್ರವೇ ಉಪ್ಪನ್ನು ಕೈತಡೆದು ಹಾಕುತ್ತಾರೆ.

ರಂಗಾಸಕ್ತೆ, ಧಾರವಾಡ

ಇಬ್ಬರೂ ಕ್ಯಾಮೆರಾದ ಬಗ್ಗೆಯೇ ಬರೆಯುತ್ತಿದ್ದೀರಿ, ಬರೆದವರನ್ನು ಮರೆತಿರಿ. 'ಆಕ್ರೋಶ್' ಬರೆದವರು ವಿಜಯ್ ತೆಂಡೂಲ್ಕರ್. ಎಸ್.ಡಿ. ಪಾನ್ವಲ್ಕರ್ ಅವರ ಕಥೆಯನ್ನು 'ಅರ್ಧಸತ್ಯ'ದ (1983) ಚಿತ್ರಕಥೆಯಾಗಿಸಿದವರೂ ಅವರೇ. ಲಹಾನ್ಯಾನ ಮೌನ ಕ್ಯಾಮೆರಾದಲ್ಲಿ ಹುಟ್ಟಿದ್ದಲ್ಲ, ಕಾಗದದ ಮೇಲೆ ಹುಟ್ಟಿದ್ದು.

ನಿಹಲಾನಿಯವರ ನಿಜವಾದ ಶಾಲೆ ಮರಾಠಿ ರಂಗಭೂಮಿಯೆಂದು ನಾನು ವಾದಿಸುತ್ತೇನೆ. ಅವರು ಸ್ವತಂತ್ರ ಛಾಯಾಗ್ರಾಹಕರಾಗಿ ಮೊದಲು ಚಿತ್ರೀಕರಿಸಿದ್ದು ತೆಂಡೂಲ್ಕರ್ ಅವರ ನಾಟಕವನ್ನಾಧರಿಸಿ ಸತ್ಯದೇವ್ ದುಬೆ ನಿರ್ದೇಶಿಸಿದ 'ಶಾಂತತಾ! ಕೋರ್ಟ್ ಚಾಲೂ ಆಹೆ' (1971). ಮುಂದೆ ಮಹೇಶ್ ಎಲಕುಂಚವಾರರ ನಾಟಕ 'ಪಾರ್ಟಿ' (1984) ಚಿತ್ರವಾಯಿತು. ಸ್ಪ್ಯಾನಿಷ್ ಕವಿ, ನಾಟಕಕಾರ ಲೋರ್ಕಾನ ನಾಟಕವೊಂದು 'ರುಕ್ಮಾವತೀ ಕೀ ಹವೇಲಿ' (1991) ಎಂದಾಗಿ ರಾಜಸ್ಥಾನದ ಮನೆಯೊಳಕ್ಕೆ ಬಂತು. ಮಂಜುಳಾ ಪದ್ಮನಾಭನ್ ಅವರ ನಾಟಕ 'ದೇಹಂ' (2001) ಆಯಿತು. ಕ್ಯಾಮೆರಾದಿಂದ ಬಂದ ನಿರ್ದೇಶಕರೊಬ್ಬರು ಇಷ್ಟೊಂದು ನಾಟಕಗಳನ್ನು, ಅಂದರೆ ಮಾತನ್ನೇ ನೆಚ್ಚಿದ ಕೃತಿಗಳನ್ನು, ಹುಡುಕಿಕೊಂಡು ಹೋಗಿದ್ದನ್ನು ನಿಮ್ಮ ವಾದದಲ್ಲಿ ಎಲ್ಲಿ ಇಟ್ಟುಕೊಳ್ಳುತ್ತೀರಿ?

ಬೆಳಕಿಂಡಿ

ರಂಗಾಸಕ್ತೆಯವರ ಆಕ್ಷೇಪಣೆ ನ್ಯಾಯವಾದದ್ದೇ. ಆದರೂ 'ಪಾರ್ಟಿ'ಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಪ್ರಶಸ್ತಿ ಪಡೆದ ನಾಟಕಕಾರನೊಬ್ಬನ ಗೌರವಾರ್ಥ ಶ್ರೀಮಂತ ಮಹಿಳೆ ದಮಯಂತಿ ರಾಣೆಯ ಮನೆಯಲ್ಲಿ ಒಂದು ಸಂಜೆ ಔತಣಕೂಟ. ಚಿತ್ರದ ಬಹುಪಾಲು ಅಷ್ಟೇ. ಮಾತು, ಮಾತು, ಮತ್ತೆ ಮಾತು. ಆದರೆ ರಂಗದ ಮೇಲೆ ನಾವು ಎಲ್ಲರನ್ನೂ ಒಂದೇ ದೂರದಿಂದ ನೋಡುತ್ತೇವೆ. ಚಿತ್ರದಲ್ಲಿ ನಿಹಲಾನಿ ನಮ್ಮನ್ನು ಒಬ್ಬ ಅತಿಥಿಯನ್ನಾಗಿ ಮಾಡಿ ಒಂದು ಗುಂಪಿನಿಂದ ಇನ್ನೊಂದು ಗುಂಪಿಗೆ ಕರೆದೊಯ್ಯುತ್ತಾರೆ. ಒಬ್ಬರ ಮಾತು ಕಿವಿಗೆ ಬೀಳುತ್ತಿರುವಾಗ ಕಣ್ಣು ಇನ್ನೊಬ್ಬರ ಮುಖದ ಮೇಲಿರುತ್ತದೆ. ಎಲ್ಲರ ಬಾಯಲ್ಲೂ ಇರುವ ಕವಿ ಅಮೃತ್ ಮಾತ್ರ ಆ ಮನೆಗೆ ಬರುವುದೇ ಇಲ್ಲ. ಮಾತು ಎಲಕುಂಚವಾರರದು, ಸರಿ. ಆ ಮಾತನ್ನು ಯಾರ ಪಕ್ಕದಲ್ಲಿ ನಿಂತು ಕೇಳಬೇಕು ಎಂಬ ತೀರ್ಮಾನ ಛಾಯಾಗ್ರಾಹಕನದು. ನಾಟಕ ಬೇಕಾದದ್ದು ಅವರಿಗೆ ಅದಕ್ಕೇ ಇರಬಹುದು: ಮಾತನ್ನು ಬೇರೆಯವರು ನೋಡಿಕೊಂಡರೆ, ಎಲ್ಲಿ ನಿಲ್ಲಬೇಕೆಂಬುದನ್ನು ತಾವು ನೋಡಿಕೊಳ್ಳಬಹುದು.

ಮಾಟುಂಗಾ ಕನ್ನಡಿಗ

ಐವತ್ತು ವರ್ಷದಿಂದ ಮುಂಬಯಿಯಲ್ಲಿರುವ ಮುದುಕನ ಎರಡು ಮಾತು.

'ಎಲ್ಲಿ ನಿಲ್ಲಬೇಕು' ಎಂಬ ಮಾತನ್ನು ಹಿಡಿದುಕೊಂಡು ನಾನು ಹಿಂದಕ್ಕೆ ಹೋಗಬಯಸುತ್ತೇನೆ. ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿಯನ್ನು ಆಧರಿಸಿ ಗಿರೀಶ ಕಾರ್ನಾಡರು ನಿರ್ದೇಶಿಸಿದ 'ಕಾಡು' (1973) ಚಿತ್ರಕ್ಕೆ ಕ್ಯಾಮೆರಾ ಹಿಡಿದವರು ನಿಹಲಾನಿ. ನಂದಿನಿ ಭಕ್ತವತ್ಸಲ ಅವರಿಗೆ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ತಂದ ಚಿತ್ರವೆಂದು ಎಲ್ಲರೂ ನೆನೆಯುತ್ತಾರೆ. ಛಾಯಾಗ್ರಾಹಕರನ್ನು ನೆನೆಯುವವರು ಕಡಿಮೆ. ಎರಡು ಊರುಗಳ ಹಗೆ, ದೊಡ್ಡವರ ವ್ಯಭಿಚಾರ, ಕೊಲೆ, ಎಲ್ಲವನ್ನೂ ಕಿಟ್ಟಿ ಎಂಬ ಹುಡುಗನ ಕಣ್ಣಿನ ಎತ್ತರದಿಂದ ಅಲ್ಲಿ ನೋಡಬೇಕು. ಅವನಿಗೆ ಅರ್ಥವಾದದ್ದು ಅರ್ಧ, ಹೆದರಿಸಿದ್ದು ಪೂರ್ತಿ. ಇನ್ನು 'ಅಂಕುರ್' ಕೊನೆಗೊಳ್ಳುವುದು ಹೇಗೆಂದು ನೆನಪಿಸಿಕೊಳ್ಳಿ. ಕಿವಿ ಕೇಳದ, ಬಾಯಿ ಬಾರದ ಕೂಲಿಯವನನ್ನು ಜಮೀನ್ದಾರನ ಮಗ ಹೊಡೆಯುವುದನ್ನು ನೋಡಿದ ಚಿಕ್ಕ ಹುಡುಗನೊಬ್ಬ ಮನೆಯ ಕಿಟಕಿಗೆ ಕಲ್ಲು ಬೀರುತ್ತಾನೆ. ಎರಡು ಚಿತ್ರಗಳಲ್ಲೂ ನಿಹಲಾನಿಯವರ ಕ್ಯಾಮೆರಾ ಒಬ್ಬ ಹುಡುಗನ ಪಕ್ಕದಲ್ಲಿ ನಿಂತು ದೊಡ್ಡವರ ಹಿಂಸೆಯನ್ನು ನೋಡಿದೆ. ನಿರ್ದೇಶಕರು ಬೇರೆ ಬೇರೆ ಎಂಬುದು ಗೊತ್ತು, ಇದನ್ನು ಅತಿಯಾಗಿ ಎಳೆಯಬಾರದು ಎಂಬುದೂ ಗೊತ್ತು. ಆದರೂ 'ಅಂಕುರ್'ನ ಆ ಮೂಕ ಕೂಲಿಯವನಿಂದ ಲಹಾನ್ಯಾನ ಮೌನಕ್ಕೆ ಒಂದು ದಾರಿಯಿದೆ ಎಂದೇ ನನಗೆ ಅನ್ನಿಸುತ್ತದೆ.

ಬೆನೆಗಲ್ ಅವರ ಜೊತೆಗಿನ ವರ್ಷಗಳು ಬಡತನದ ತರಬೇತಿಯೂ ಆಗಿದ್ದವು. ಗುಜರಾತಿನ 5 ಲಕ್ಷ ಹಾಲು ಉತ್ಪಾದಕ ರೈತರು ತಲಾ 2 ರೂಪಾಯಿ ಹಾಕಿ ತಯಾರಿಸಿದ 'ಮಂಥನ್' ಚಿತ್ರದ ಸಮಯದಲ್ಲಿ ಕಚ್ಚಾ ಫಿಲ್ಮಿಗೆ ಬರವಿತ್ತು. ಸಿಕ್ಕಿದ ಬೇರೆ ಬೇರೆ ಕಂಪನಿಗಳ ಫಿಲ್ಮನ್ನು ಸೇರಿಸಿಕೊಂಡು ಚಿತ್ರೀಕರಿಸಬೇಕಾಯಿತು. ಒಂದೊಂದು ಫಿಲ್ಮಿನ ಬಣ್ಣ ಒಂದೊಂದು ಥರ. ಅವೆಲ್ಲವನ್ನೂ ಒಂದೇ ಊರಿನ ಒಂದೇ ಬಿಸಿಲೆಂದು ನಂಬಿಸುವುದು ಛಾಯಾಗ್ರಾಹಕನ ತಲೆನೋವು. 2024ರಲ್ಲಿ ಆ ಚಿತ್ರವನ್ನು ಹೊಸದಾಗಿ ಸಂಸ್ಕರಿಸಿ ಕಾನ್ ಚಿತ್ರೋತ್ಸವದಲ್ಲಿ ತೋರಿಸಿದರು. ಸಂಸ್ಕರಣೆಯ ಸಮಯದಲ್ಲಿ ಮಾರ್ಗದರ್ಶನಕ್ಕೆ ನಿಹಲಾನಿಯವರೂ ಇದ್ದರು.

'ಅರ್ಧಸತ್ಯ'ವನ್ನು ನಾನು ಬಿಡುಗಡೆಯಾದ ಹೊಸದರಲ್ಲೇ ನೋಡಿದೆ. ಥಿಯೇಟರಿನಿಂದ ಹೊರಬಂದ ಜನ ಮಾತಿಲ್ಲದೆ ಸ್ಟೇಷನ್ನಿನ ಕಡೆ ನಡೆದದ್ದು ಇನ್ನೂ ನೆನಪಿದೆ. ಕಾನ್‌ಸ್ಟೇಬಲ್ ತಂದೆಯ ದರ್ಪದಲ್ಲಿ ಬೆಳೆದ ಸಬ್ ಇನ್‌ಸ್ಪೆಕ್ಟರ್ ಅನಂತ ವೇಲಣಕರ್ ದಿಲೀಪ್ ಚಿತ್ರೆಯವರ ಚಕ್ರವ್ಯೂಹದ ಕವಿತೆಯನ್ನು ಹೋಟೆಲಿನ ಮೇಜಿನ ಮುಂದೆ ಕೂತು ಓದುವ ದೃಶ್ಯವೊಂದಿದೆ. ಹಗುರವಾಗಿ ಶುರುಮಾಡಿದ ಓದು ನಾಲ್ಕು ಸಾಲು ಕಳೆಯುವಷ್ಟರಲ್ಲಿ ಅವನ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಓಂ ಪುರಿಯವರ ಆ ಮುಖಕ್ಕೆ ಮೈಲಿ ಕಲೆಗಳಿದ್ದವು, ಅಂದಿನ ಹಿಂದಿ ಚಿತ್ರರಂಗದ ಲೆಕ್ಕದಲ್ಲಿ ಅದು ನಾಯಕನ ಮುಖವೇ ಆಗಿರಲಿಲ್ಲ. ನಿಹಲಾನಿ ಅದನ್ನು ಮೇಕಪ್ಪಿನಿಂದಲೋ ಮೃದು ಬೆಳಕಿನಿಂದಲೋ ಮರೆಮಾಚಲಿಲ್ಲ. ಆ ಪಾತ್ರ ಓಂ ಪುರಿಯವರಿಗೆ ರಾಷ್ಟ್ರಪ್ರಶಸ್ತಿಯನ್ನೂ ಕಾರ್ಲೋವಿ ವಾರಿ ಚಿತ್ರೋತ್ಸವದ ನಟ ಪ್ರಶಸ್ತಿಯನ್ನೂ ತಂದಿತು.

ಪ್ರಶ್ನಾರ್ಥಕ

ಹಿರಿಯರ ನಡುವೆ ಒಂದು ಎಳೆಯ ಪ್ರಶ್ನೆ. ಬಾಲು ಮಹೇಂದ್ರ ಅವರೂ ಛಾಯಾಗ್ರಾಹಕರಾಗಿದ್ದು ನಿರ್ದೇಶಕರಾದವರೇ ಅಲ್ಲವೇ? ಅವರ ಮೊದಲ ನಿರ್ದೇಶನ ನಮ್ಮ ಕನ್ನಡದ 'ಕೋಕಿಲ' (1977). ನಿಹಲಾನಿಯವರಿಗಿಂತ ಮೊದಲೇ ಅವರು ಈ ದಾಟನ್ನು ದಾಟಿದ್ದಾರೆ. ಇಬ್ಬರನ್ನೂ ಒಂದೇ ಸಾಲಿನಲ್ಲಿ ಇಡಬಹುದೇ?

ಹಳೆಯ ಪಾಲಿಟೆಕ್ನಿಕ್

ಇಡಬಹುದು, ಆದರೆ ಬೆನ್ನಿಗೆ ಬೆನ್ನು ಕೊಟ್ಟು. ಶ್ರೀಲಂಕಾದಲ್ಲಿ ಹುಟ್ಟಿ ಪುಣೆಯಲ್ಲಿ ಕಲಿತ ಬಾಲು ಮಹೇಂದ್ರ 'ಕೋಕಿಲ'ದ ಕಪ್ಪುಬಿಳುಪು ಛಾಯಾಗ್ರಹಣಕ್ಕೆ ರಾಷ್ಟ್ರಪ್ರಶಸ್ತಿ ಪಡೆದರು. ಮಣಿರತ್ನಂ ಅವರ ಮೊದಲ ಚಿತ್ರ, ಕನ್ನಡದ 'ಪಲ್ಲವಿ ಅನುಪಲ್ಲವಿ'ಗೆ (1983) ಕ್ಯಾಮೆರಾ ಹಿಡಿದವರೂ ಅವರೇ. ಬಾಲು ಅವರ ಚಿತ್ರಗಳಲ್ಲಿ ಬೆಳಕು ಪಾತ್ರದ ಒಳಮನಸ್ಸಿನ ಜೊತೆ ಸ್ನೇಹ ಬೆಳೆಸುತ್ತದೆ. ಕಿಟಕಿಯ ಪಕ್ಕ ಕೂತ ಹೆಣ್ಣಿನ ಮೇಲೆ ಬಿದ್ದ ಬೆಳಗಿನ ಬಿಸಿಲು ಅವಳ ಬಗ್ಗೆ ಏನನ್ನೋ ಹೇಳುತ್ತದೆ. ನಿಹಲಾನಿಯವರಲ್ಲಿ ಬೆಳಕು ಸಾಕ್ಷಿ ಹೇಳುವ ಕಟಕಟೆಯಲ್ಲಿ ನಿಂತಂತೆ ಇರುತ್ತದೆ, ಕೇಳಿದಷ್ಟೇ ಹೇಳುತ್ತದೆ. ನನ್ನ ಮನಸ್ಸು ಯಾವ ಕಡೆ ಎಂದು ಕೇಳಿದರೆ ವಾರಕ್ಕೊಂದು ಉತ್ತರ ಕೊಟ್ಟೇನು.

ಈ ಮಾತಿಗೆ ಹೊಂದುವ ಇನ್ನೊಂದು ಸಂಗತಿಯಿದೆ. ನಿಹಲಾನಿಯವರ 'ದ್ರೋಹಕಾಲ್' (1994) ತಮಿಳಿನಲ್ಲಿ 'ಕುರುದಿಪ್ಪುನಲ್' (1995) ಆದಾಗ ಅದನ್ನು ನಿರ್ದೇಶಿಸಿದವರು ಪಿ.ಸಿ. ಶ್ರೀರಾಮ್, ಅವರೂ ಛಾಯಾಗ್ರಾಹಕರೇ. ಒಂದೇ ಕಥೆಯನ್ನು ಇಬ್ಬರು ಕ್ಯಾಮೆರಾ ಮನುಷ್ಯರು ನಿರ್ದೇಶಿಸಿದ ಇಂಥ ಜೋಡಿ ಸುಲಭಕ್ಕೆ ಸಿಗದು. ಬಿಡುವಿದ್ದವರು ಎರಡನ್ನೂ ಒಂದರ ಹಿಂದೆ ಒಂದು ನೋಡಿ.

ರಂಗಾಸಕ್ತೆ, ಧಾರವಾಡ

'ಕಾಡು' ಮತ್ತು 'ಅಂಕುರ್'ನ ಹುಡುಗರ ಬಗ್ಗೆ ಮಾಟುಂಗಾದ ಹಿರಿಯರು ಬರೆದದ್ದನ್ನು ಓದಿದ ಮೇಲೆ ನನ್ನ ವಾದವನ್ನು ಕೊಂಚ ಸಡಿಲಿಸುತ್ತೇನೆ. ಪೂರ್ತಿ ಬಿಟ್ಟುಕೊಡುವುದಿಲ್ಲ. 'ಆಕ್ರೋಶ್'ನ ಕೊನೆಯನ್ನು ನೋಡಿ (ಚಿತ್ರ ನೋಡದವರು ಈ ಭಾಗವನ್ನು ಬಿಟ್ಟು ಮುಂದೆ ಹೋಗಬಹುದು). ತಂದೆಯ ಚಿತೆಗೆ ಬೆಂಕಿ ಇಡಲು ಪೊಲೀಸರ ಕಾವಲಿನಲ್ಲಿ ಬಂದ ಲಹಾನ್ಯಾ, ಹೆಂಡತಿಗೆ ಆದ ಗತಿ ತಂಗಿಗೂ ಆಗಬಾರದೆಂದು ಕೊಡಲಿ ಎತ್ತಿ ಅವಳನ್ನು ಕೊಲ್ಲುತ್ತಾನೆ. ಅಲ್ಲಿಯವರೆಗೆ ಕಟ್ಟಿಹೋಗಿದ್ದ ಗಂಟಲು ಆಗ ಬಾನಿಗೆ ಮುಖ ಮಾಡಿ ಚೀರುತ್ತದೆ. ಆ ಚೀರಾಟವನ್ನು ತೆಂಡೂಲ್ಕರ್ ಬರೆಯದೆ ಇದ್ದಿದ್ದರೆ ಅಷ್ಟು ಹೊತ್ತು ಕಾದ ಕ್ಯಾಮೆರಾ ಏನನ್ನು ಕಾಯುತ್ತಿತ್ತು? ಲೇಖಕ ಮತ್ತು ಛಾಯಾಗ್ರಾಹಕ ಇಬ್ಬರನ್ನೂ ಒಟ್ಟಿಗೆ ಕೂರಿಸಿದ ಮನುಷ್ಯನನ್ನು ನಿರ್ದೇಶಕ ಎಂದು ಕರೆಯೋಣ. ಅಲ್ಲಿಗೆ ನಿಮಗೂ ಒಪ್ಪಿಗೆಯಾಗಬಹುದು.

ಇದೇ ಮಾತನ್ನು ತಿರುಗಿಸಿ ಹೇಳಿದರೆ, 'ತಕ್ಷಕ್' (1999) ಸೋತದ್ದೂ ಅಲ್ಲಿಯೇ. ತಾರೆಯರಿದ್ದರು, ಎ.ಆರ್. ರೆಹಮಾನ್ ಸಂಗೀತವಿತ್ತು, ಹಾಡು ಕುಣಿತಗಳಿದ್ದವು. ಎದುರಿಗೆ ಕೂತು ಕಾಯುವ ಆ ನಿರ್ದೇಶಕ ಇರಲಿಲ್ಲ. 'ದೇವ್' (2004) ಬಗ್ಗೆ ನನಗೆ ಅಷ್ಟು ಕಟುವಾಗಿ ಅನ್ನಿಸುವುದಿಲ್ಲ. ಆದರೆ ಅಲ್ಲಿಯೂ ಪಾತ್ರಗಳು ತಾವು ಏನನ್ನು ನಂಬುತ್ತೇವೆಂಬುದನ್ನು ನಮಗೆ ಬಾಯಿಬಿಟ್ಟು ಹೇಳಿಬಿಡುತ್ತವೆ. ಮಹಾಶ್ವೇತಾ ದೇವಿಯವರ ಕಾದಂಬರಿಯಿಂದ ಮಾಡಿದ 'ಹಜಾರ್ ಚೌರಾಸಿ ಕೀ ಮಾ' (1998) ಇವೆರಡಕ್ಕಿಂತ ಬಹಳ ಮೇಲೆ.

ಮಾಟುಂಗಾ ಕನ್ನಡಿಗ

'ತಕ್ಷಕ್' ವಿಷಯದಲ್ಲಿ ನಿಮ್ಮ ಜೊತೆ ಜಗಳವಿಲ್ಲ. ಆದರೆ ದೊಡ್ಡ ಯಂತ್ರಗಳನ್ನು ನಡೆಸಲು ಅವರಿಗೆ ಬರುತ್ತಿರಲಿಲ್ಲ ಎಂದು ಯಾರೂ ತಿಳಿಯಬಾರದು. ಶಶಿ ಕಪೂರ್ ನಿರ್ಮಿಸಿದ, ವಾಯುಪಡೆಯ ಕಥೆಯ 'ವಿಜೇತಾ' (1982) ಅವರೇ ನಿರ್ದೇಶಿಸಿ ಚಿತ್ರೀಕರಿಸಿದ್ದು. ಅದರ ಛಾಯಾಗ್ರಹಣಕ್ಕೆ ಫಿಲ್ಮ್‌ಫೇರ್ ಪ್ರಶಸ್ತಿ ಬಂತು. ಆಟನ್‌ಬರೋ ಅವರ 'ಗಾಂಧಿ' ಚಿತ್ರದಲ್ಲಿ ಎರಡನೆಯ ಯೂನಿಟ್ಟಿನ (ಮುಖ್ಯ ತಂಡದಿಂದ ಬೇರೆಯಾಗಿ ಕೆಲವು ದೃಶ್ಯಗಳನ್ನು ಚಿತ್ರೀಕರಿಸುವ ತಂಡದ) ನಿರ್ದೇಶನ ನೋಡಿಕೊಂಡವರೂ ಅವರೇ. 'ಆಕ್ರೋಶ್' ಮುಗಿಸಿ ಸ್ವತಃ ನಿರ್ದೇಶಕರಾಗಿದ್ದರೂ ಬೆನೆಗಲ್ ಅವರ 'ಕಲಿಯುಗ್' (1981) ಚಿತ್ರಕ್ಕೆ ಅವರದೇ ಕ್ಯಾಮೆರಾ. ನಮ್ಮಲ್ಲಿ ಸಾಮಾನ್ಯವಾಗಿ ನಿರ್ದೇಶಕನ ಕುರ್ಚಿ ಸಿಕ್ಕಿದವರು ಮತ್ತೆ ಇನ್ನೊಬ್ಬರ ಕೈಕೆಳಗೆ ಕೂರುವುದಿಲ್ಲ.

ಕೋಲಾರದ ವಕೀಲ

ಇಷ್ಟು ಹೊತ್ತು ಯಾರಾದರೂ 'ತಮಸ್' ಎತ್ತುತ್ತಾರೆಂದು ಕಾದೆ. ಯಾರೂ ಎತ್ತದ ಕಾರಣ ನಾನೇ ಬರೆಯುತ್ತಿದ್ದೇನೆ.

ಭೀಷ್ಮ ಸಾಹನಿಯವರ ಕಾದಂಬರಿಯನ್ನು ಆಧರಿಸಿದ ಈ ಕೃತಿ 1988ರ ಜನವರಿಯಲ್ಲಿ ದೂರದರ್ಶನದಲ್ಲಿ ಕಂತುಗಳಾಗಿ ಪ್ರಸಾರವಾಯಿತು. ಆಗ ದೇಶಕ್ಕೆಲ್ಲ ಅದೊಂದೇ ವಾಹಿನಿ. ನಮ್ಮ ಬೀದಿಯಲ್ಲಿ ಟಿವಿ ಇದ್ದ ಮನೆಯ ನಡುಮನೆ ತುಂಬಿ ಹೊಸ್ತಿಲವರೆಗೆ ಜನ ಕೂತಿರುತ್ತಿದ್ದರು. ದೇಶವಿಭಜನೆಯ ಗಲಭೆಗಳನ್ನು ತೋರಿಸಿದರೆ ಮತ್ತೆ ಗಲಭೆಯಾಗುತ್ತದೆ ಎಂಬ ವಾದ ಬೊಂಬಾಯಿ ಹೈಕೋರ್ಟಿಗೆ ಹೋಗಿ, ಪ್ರಸಾರಕ್ಕೆ ಮಧ್ಯಂತರ ತಡೆ ಬಂತು. ನ್ಯಾಯಮೂರ್ತಿಗಳಾದ ಲೆಂಟಿನ್ ಮತ್ತು ಸುಜಾತಾ ಮನೋಹರ್ ಸ್ವತಃ ಚಿತ್ರವನ್ನು ನೋಡಿ ಆ ತಡೆಯನ್ನು ತೆರವುಗೊಳಿಸಿದರು. ವಿಷಯ ಸುಪ್ರೀಂ ಕೋರ್ಟಿಗೆ ಹೋದಾಗ, ರಮೇಶ್ ವಿರುದ್ಧ ಭಾರತ ಒಕ್ಕೂಟ ಎಂಬ ಪ್ರಕರಣದಲ್ಲಿ, ಅದೇ ವರ್ಷದ ಫೆಬ್ರವರಿಯಲ್ಲಿ ಅರ್ಜಿ ವಜಾ ಆಯಿತು. ದೃಶ್ಯವೊಂದರ ಪರಿಣಾಮವನ್ನು ಅಳೆಯಬೇಕಾದದ್ದು ವಿವೇಕವೂ ದೃಢ ಮನಸ್ಸೂ ಇರುವ ಮನುಷ್ಯನ ಅಳತೆಗೋಲಿನಿಂದಲೇ ಹೊರತು ಎಲ್ಲದರಲ್ಲೂ ಅಪಾಯ ಕಾಣುವ ದುರ್ಬಲ ಮನಸ್ಸಿನವನ ಅಳತೆಗೋಲಿನಿಂದಲ್ಲ ಎಂಬುದು ಆ ತೀರ್ಪಿನ ಸಾರ. ಸಿನಿಮಾ ಸೆನ್ಸಾರ್ ಮೊಕದ್ದಮೆಗಳಲ್ಲಿ ನಾವು ಇಂದಿಗೂ ಅದನ್ನು ಉಲ್ಲೇಖಿಸುತ್ತೇವೆ. ಛಾಯಾಗ್ರಾಹಕನೊಬ್ಬ ನಿರ್ದೇಶಕನಾದದ್ದರಿಂದ ನನ್ನಂಥ ವಕೀಲರಿಗೂ ಪ್ರಯೋಜನವಾಗಿದೆ ಎಂಬುದು ದಾಖಲಾಗಿರಲಿ.

ಹಿಂಸೆಯನ್ನು ಅವರು ತೋರಿಸಿದ ರೀತಿಯೇ ನ್ಯಾಯಾಲಯದಲ್ಲಿ ಅವರನ್ನು ಕಾಪಾಡಿತೆಂದು ನನಗೆ ಅನ್ನಿಸುತ್ತದೆ. ಗಲಭೆಯನ್ನು ರೋಮಾಂಚನವಾಗಿ ಚಿತ್ರಿಸಿದ್ದರೆ ಆ ಇಬ್ಬರು ನ್ಯಾಯಮೂರ್ತಿಗಳ ಮನಸ್ಸು ಬೇರೆ ದಾರಿ ಹಿಡಿಯಬಹುದಾಗಿತ್ತು.

ಬೆಳಕಿಂಡಿ

ವಕೀಲರಿಗೆ ಕೃತಜ್ಞತೆಗಳು. 'ತಮಸ್'ಗೆ ನಾನೇ ಬರಬೇಕೆಂದಿದ್ದೆ, ಏಕೆಂದರೆ ಈ ಚರ್ಚೆಯ ಶೀರ್ಷಿಕೆಯ ಪ್ರಶ್ನೆಗೆ ಅಲ್ಲಿ ಒಂದು ನೇರವಾದ ಉತ್ತರವಿದೆ. ಅಲ್ಲಿಯವರೆಗಿನ ಮುಖ್ಯ ಚಿತ್ರಗಳಲ್ಲಿ ತಾವೇ ಕ್ಯಾಮೆರಾ ಹಿಡಿಯುತ್ತಿದ್ದ ನಿಹಲಾನಿ, ತಮ್ಮ ಬಾಲ್ಯವನ್ನೇ ಹರಿದುಹಾಕಿದ 1947ರ ಕಥೆಯನ್ನು ಹೇಳಲು ಹೊರಟಾಗ ಛಾಯಾಗ್ರಹಣಕ್ಕೆ ಕರೆದದ್ದು ತಮ್ಮ ಗುರು ವಿ.ಕೆ. ಮೂರ್ತಿಯವರನ್ನು. ಆಗ ಮೂರ್ತಿಯವರಿಗೆ ಅರವತ್ತು ದಾಟಿತ್ತು. ಗುರುದತ್ ತೀರಿಕೊಂಡು ಎರಡು ದಶಕಗಳು ಕಳೆದಿದ್ದವು. ಮುಂದೆ ಛಾಯಾಗ್ರಾಹಕರೊಬ್ಬರಿಗೆ ಮೊಟ್ಟಮೊದಲ ಬಾರಿಗೆ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಸಂದದ್ದೂ ಅವರಿಗೇ, 2008ರ ಸಾಲಿಗೆ. 2014ರಲ್ಲಿ ಅವರು ಬೆಂಗಳೂರಿನಲ್ಲಿ ತೀರಿಕೊಂಡರು.

ಶಿಷ್ಯ ನಿರ್ದೇಶಕ, ಗುರು ಛಾಯಾಗ್ರಾಹಕ. ಸೆಟ್ಟಿನಲ್ಲಿ ಯಾರು ಯಾರಿಗೆ ಏನು ಹೇಳಿರಬಹುದೆಂದು ಊಹಿಸುವುದು ನನಗೆ ಇಷ್ಟವಿಲ್ಲ. ಪರದೆಯ ಮೇಲೆ ಇರುವುದನ್ನಷ್ಟೇ ಹೇಳುತ್ತೇನೆ. ಚಿತ್ರದ ಆರಂಭದಲ್ಲಿ ಚರ್ಮ ಹದಮಾಡುವ ನತ್ಥು, ಯಾರಿಗಾಗಿ ಯಾಕಾಗಿ ಎಂದು ತಿಳಿಯದೆ ಒಪ್ಪಿಕೊಂಡ ಕೆಲಸಕ್ಕಾಗಿ, ರಾತ್ರಿಯ ಗುಡಿಸಲಿನಲ್ಲಿ ಹಂದಿಯೊಂದನ್ನು ಕೊಲ್ಲಲು ಹೆಣಗುತ್ತಾನೆ. ಬೆಳಗಾದ ಮೇಲೆ ಆ ಹಂದಿಯ ಹೆಣ ಮಸೀದಿಯ ಮೆಟ್ಟಿಲ ಮೇಲೆ ಕಾಣಿಸಿಕೊಂಡು ಊರಿಗೆ ಊರೇ ಹೊತ್ತಿ ಉರಿಯುತ್ತದೆ. ಗುಡಿಸಲಿನೊಳಗೆ ಒಬ್ಬ ಮನುಷ್ಯ, ಒಂದು ಪ್ರಾಣಿ, ಸುತ್ತಲೂ ಕತ್ತಲು. ಬಿಸಿಲನ್ನು ಕನ್ನಡಿಯಿಂದ ತಿರುಗಿಸಿ ಇಡೀ ಸ್ಟುಡಿಯೋವನ್ನು ಸೀಳಿದ್ದ ಕೈ ಇಲ್ಲಿ ನತ್ಥುವಿಗೆ ತನ್ನ ಎದುರಿನ ಹಂದಿ ಕಾಣುವಷ್ಟು ಬೆಳಕನ್ನು ಮಾತ್ರ ಕೊಟ್ಟಿದೆ. ಗುಡಿಸಲಿನ ಬಾಗಿಲಾಚೆ ಏನಿದೆಯೆಂಬುದು ನತ್ಥುವಿಗೂ ಕಾಣುವುದಿಲ್ಲ, ನಮಗೂ ಕಾಣುವುದಿಲ್ಲ.